ಆನೆಗಿಂತ ಮೊದಲು ಸುದ್ದಿ ದಾಟಲಿ

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಫಿ ತೋಟ ಇರುವುದು ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆ. ತೋಟದ ಕೆಳಗೊಂದು ಹಳ್ಳ. ಬೇಸಿಗೆಯಲ್ಲಿ ಪಾದ ಮುಳುಗುವಷ್ಟೂ ನೀರಿರುವುದಿಲ್ಲ. ಆದರೆ ಆಚೆ ದಂಡೆ ಮೂಡಿಗೆರೆ ತಾಲ್ಲೂಕು, ಅಂದರೆ ಚಿಕ್ಕಮಗಳೂರು ಜಿಲ್ಲೆ. ನಮ್ಮ ಕರೆಂಟು ಸೆಸ್ಕ್‌ನದು, ಅವರದು ಮೆಸ್ಕಾಂನದು. ನಮ್ಮ ಪೊಲೀಸರಿಗೆ ಮೈಸೂರು ವಲಯ, ಅವರಿಗೆ ಮಂಗಳೂರು ವಲಯ. ಅರಣ್ಯ ವಿಭಾಗವೂ ಬೇರೆ ಬೇರೆ. ಆನೆಗೆ ಮಾತ್ರ ಅದು ನೀರು ಕುಡಿಯೋ ಜಾಗ, ಅಷ್ಟೇ.

ಕೆಲವು ವರ್ಷಗಳ ಹಿಂದಿನ ಮಾತು. ಕೊಯ್ಲಿನ ಸಮಯ. ರಾತ್ರಿಯೆಲ್ಲ ಪಟಾಕಿ ಹೊಡೆದು ಒಂದು ಒಂಟಿ ಸಲಗವನ್ನು ಹಳ್ಳ ದಾಟಿಸಿದೆವು. ಸದ್ಯ ಹೋಯ್ತಲ್ಲ ಅಂತ ಮಲಗಿದೆವು. ಆಚೆಯವರಿಗೆ ಯಾರೂ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಬೆಳಿಗ್ಗೆ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಕೊಯ್ಯಲು ಹೊರಟ ಹೆಂಗಸರಿಗೆ ಅದು ಎದುರಾಯಿತು. ಓಡಿ ಜೀವ ಉಳಿಸಿಕೊಂಡರು. ಬಿದ್ದ ಒಬ್ಬಾಕೆಯ ಕಾಲು ಮುರಿಯಿತು. ಆಕೆ ಈಗಲೂ ಕುಂಟುತ್ತಾ ನಡೆಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

2022ರ ಕೊನೆಗೆ ಹಾಸನ, ಚಿಕ್ಕಮಗಳೂರು, ಕೊಡಗು, ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆ ಬಂತು. ಕೆಲವು ಆನೆಗಳ ಕೊರಳಿಗೆ, ಅವು ಎಲ್ಲಿವೆ ಅಂತ ತಿಳಿಸುವ ರೇಡಿಯೊ ಕಾಲರ್ ಹಾಕಿದರು. 2024ರ ಶುರುವಿನಲ್ಲಿ ಬೀಟಮ್ಮ ಅನ್ನೋ ಹೆಣ್ಣಾನೆಯ ಗುಂಪು ಚಿಕ್ಕಮಗಳೂರು ಪೇಟೆಯ ಹತ್ತಿರದವರೆಗೂ ಹೋಗಿತ್ತು, ನಿಮಗೆ ನೆನಪಿರಬಹುದು. ಆನೆ ಅಷ್ಟು ದೂರ ನಡೆಯುತ್ತದೆ. ಮಾಹಿತಿಯೂ ಅದರ ಮುಂದೆ ಮುಂದೆ ನಡೆಯಬೇಕು ಅಲ್ವಾ?

ಈಗ ಎರಡೂ ದಂಡೆಯ ಬೆಳೆಗಾರರು, ಮೇಸ್ತ್ರಿಗಳು, ಅರಣ್ಯ ಕಾವಲುಗಾರರು ಒಂದೇ ವಾಟ್ಸಾಪ್ ಗ್ರೂಪಿನಲ್ಲಿದ್ದೇವೆ. "ಗುಂಪು ಹಳ್ಳಕ್ಕೆ ಇಳಿದಿದೆ, ಮರಿ ಇದೆ, ಪಟಾಕಿ ಬೇಡ" ಎಂದು ಈ ಕಡೆಯಿಂದ ಸಂದೇಶ. "ಆಯ್ತು, ಆಳುಗಳನ್ನು ಮೇಲಿನ ಬ್ಲಾಕಿಗೆ ಕಳಿಸ್ತೀವಿ" ಎಂದು ಆ ಕಡೆಯಿಂದ ಉತ್ತರ. ಐದು ನಿಮಿಷದ ಕೆಲಸ. ಸುಮ್ನೆ ಓಡಿಸಿದರೆ ಆನೆ ಎರಡು ದಿನದಲ್ಲಿ ಸಿಟ್ಟು ಜಾಸ್ತಿ ಮಾಡಿಕೊಂಡು ಇಲ್ಲಿಗೇ ವಾಪಸ್ ಬರುತ್ತದೆ. ಇದು ನಾವು ಕಣ್ಣಾರೆ ಕಂಡದ್ದು.

ಇನ್ನೂ ಒಂದು ಬಾಕಿ ಇದೆ. ಜೋತುಬಿದ್ದ ತಂತಿಗೆ ಸೊಂಡಿಲು ತಗುಲಿದರೆ ಆನೆ ಅಲ್ಲೇ ಸಾಯುತ್ತದೆ. ಅದಕ್ಕೇ ಎರಡೂ ಕಡೆಯ ಲೈನ್‌ಮನ್‌ಗಳು ನಮ್ಮ ಗ್ರೂಪಿಗೆ ಬರಬೇಕು. ಈ ಕಡೆಯವರು ಹೋದ ತಿಂಗಳು ಸೇರಿದರು. ಆಚೆ ದಂಡೆಯ ಲೈನ್‌ಮನ್ ನಂಬರ್ ಕೇಳಲು ಭಾನುವಾರ ಹಳ್ಳ ದಾಟಿ ಹೋಗುತ್ತಿದ್ದೇನೆ.

ನಮಸ್ಕಾರ.