ನೀರಿನ ತಾಪವೇ ಮೀನಿನ ತಾಪ

ಕೇಳುಗರಿಗೆ ನಮಸ್ಕಾರ. ತೊಟ್ಟಿಯಲ್ಲೋ ಕೊಳದಲ್ಲೋ ಮೀನು ಸಾಕಿದವರು ನನ್ನನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: “ಮೀನು ಯಾಕೋ ಮಂಕಾಗಿದೆ, ಮೇವು ಮುಟ್ಟುತ್ತಿಲ್ಲ. ಯಾವ ಔಷಧಿ ಹಾಕಲಿ?” ನೀರಿನ ತಾಪ ಎಷ್ಟಿದೆ ಎಂದು ನಾನು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಈ ಹೊತ್ತು ನಾನು ಹೇಳಬೇಕೆಂದು ಬಂದಿರುವುದು ಅದನ್ನೇ. ಔಷಧಿಯ ಬಾಟಲಿಗೆ ಕೈ ಹಾಕುವ ಮೊದಲು ಥರ್ಮಾಮೀಟರು ಅದ್ದಿ ನೋಡಿ.

ಹೊರಗೆ ಚಳಿಯಿರಲಿ, ಸೆಕೆಯಿರಲಿ, ನಮ್ಮ ಮೈಯೊಳಗೆ 37 ಡಿಗ್ರಿ. ಮೀನಿನ ಮೈಯಲ್ಲಿ ಅಂಥ ಒಲೆಯಿಲ್ಲ. ಇದ್ದರೂ ಬಿಸಿ ನಿಲ್ಲುತ್ತಿರಲಿಲ್ಲ. ಕಿವಿರಿನಲ್ಲಿ ರಕ್ತಕ್ಕೂ ನೀರಿಗೂ ನಡುವೆ ಇರುವುದು ತೀರಾ ತೆಳುವಾದ ಪೊರೆ. ಉಸಿರಾಡಿದಾಗಲೆಲ್ಲ ಮೈಬಿಸಿ ನೀರಿಗೆ ಸೋರಿಹೋಗುತ್ತದೆ. ಹಾಗಾಗಿ ನೀರು 20 ಡಿಗ್ರಿ ಇದ್ದರೆ ಮೀನೂ 20 ಡಿಗ್ರಿ. ನೀರು 10 ಡಿಗ್ರಿ ಏರಿತೆಂದರೆ ಮೈಯೊಳಗಿನ ಖರ್ಚು, ಅಂದರೆ ಚಯಾಪಚಯ, ಹೆಚ್ಚುಕಡಿಮೆ ಎರಡು ಪಟ್ಟು. ಮೀನು ಸುಮ್ಮನೆ ನಿಂತಿದ್ದರೂ ಅಷ್ಟೇ.

ಇದು ನನಗೆ ಓದಿ ತಿಳಿದದ್ದಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ಪ್ರಯೋಗಾಲಯದಲ್ಲಿ ಒಂದು ಈಜು ಸುರಂಗವಿತ್ತು. ಪಾರದರ್ಶಕ ಕೊಳವೆ, ಮೋಟಾರು ನೀರನ್ನು ತಳ್ಳುತ್ತದೆ, ಮೀನು ಎದುರೀಜುತ್ತ ಇದ್ದಲ್ಲೇ ಇರುತ್ತದೆ. ಹಿಂಬದಿಗೆ ಜಾಲರಿ. ಸೋತ ಮೀನು ಬಂದು ಅದಕ್ಕೆ ಒರಗುತ್ತದೆ. ಒಂದು ಬೆಳಗ್ಗೆ ಬೆರಳುದ್ದದ ಗೋಲ್ಡ್‌ಫಿಶ್ ಬಿಟ್ಟೆ. ಹರಿವು ತುಸು ಹೆಚ್ಚಿಸಿದ್ದೇ ತಡ, ಬಾಲವನ್ನು ಎರಡು ಸಲ ಜೋರಾಗಿ ಬಡಿಯಿತು, ಮುಂದಕ್ಕೆ ಜಾರಿತು, ಹಿಂದಕ್ಕೆ ಬಂತು, ಮತ್ತೆ ಬಡಿಯಿತು. ಐದನೇ ಸಲಕ್ಕೆ ಜಾಲರಿಗೆ ಒರಗಿಬಿಟ್ಟಿತು. “ದುರ್ಬಲ ಮೀನು” ಎಂದು ಬರೆದುಕೊಂಡೆ. ನಮ್ಮ ಗುರುಗಳು ಬಂದವರು ಮೀನಿನ ಕಡೆ ನೋಡಲೂ ಇಲ್ಲ, ನೀರಿಗೆ ಥರ್ಮಾಮೀಟರು ಇಳಿಬಿಟ್ಟರು. 12 ಡಿಗ್ರಿ! ಆ ಮೀನು ವಾರಗಟ್ಟಲೆ ಬಾಳಿದ್ದು 24 ಡಿಗ್ರಿಯ ತೊಟ್ಟಿಯಲ್ಲಿ. ಹಿಂದಿನ ರಾತ್ರಿ ತಂಪು ಮಾಡುವ ಯಂತ್ರ ಆರಿಸುವುದನ್ನು ನಾನು ಮರೆತಿದ್ದೆ.

ಮಾರನೆಯ ದಿನ ಅದೇ ಮೀನು, ಅದೇ ಸುರಂಗ, 24 ಡಿಗ್ರಿ. ಹರಿವು ಏರಿಸಿದಂತೆಲ್ಲ ಬಾಲ ಒಂದೇ ಲಯದಲ್ಲಿ ಬೀಸುತ್ತಲೇ ಇತ್ತು. ಎಷ್ಟು ಚಂದದ ಈಜು ಅದು! ನನಗೆ ಆಸೆ ಹೆಚ್ಚಿತು. ಬಿಸಿ ಏರಿಸಿದರೆ ಇನ್ನೂ ಜೋರಾಗಿ ಈಜೀತು ಎಂದುಕೊಂಡು ಕೆಲವು ದಿನ ಬಿಟ್ಟು 34ಕ್ಕೆ ಒಯ್ದೆ. ಹರಿವು ಶುರುವಾಗುವ ಮೊದಲೇ ಬಾಯಿ ಬಿಡುತ್ತಿತ್ತು. ಕಿವಿರಿನ ಮುಚ್ಚಳ ಎಣಿಸಲಾಗದಷ್ಟು ಬೇಗ ಬಡಿಯುತ್ತಿತ್ತು. ಈಜಲು ಶಕ್ತಿಯೇ ಉಳಿದಿರಲಿಲ್ಲ. ನೀರು ತಣಿಸಿದ ಮೇಲೆಯೇ ಸುಧಾರಿಸಿಕೊಂಡಿತು.

ಕಾರಣ ಸರಳ. ತಣ್ಣಗಾದಾಗ ಸ್ನಾಯು ನಿಧಾನ, ನೀರೂ ಮಂದ, ಅಂದರೆ ಸೀಳಿ ಸಾಗಲು ಕಷ್ಟ. ಹೆಪ್ಪುಗಟ್ಟುವ ಅಂಚಿನ ನೀರು 25 ಡಿಗ್ರಿಯ ನೀರಿಗಿಂತ ಎರಡು ಪಟ್ಟು ಮಂದ. ದಣಿಯದೆ ದುಡಿಯುವ ಕೆಂಪು ಸ್ನಾಯುವಿಗೆ ಆಗ ಕೈಲಾಗುವುದಿಲ್ಲ. ಬಿಳಿ ಸ್ನಾಯು ನೆರವಿಗೆ ಬಂದು ಬೇಗನೆ ಸುಸ್ತಾಗುತ್ತದೆ. ಬಿಸಿಯಾದಾಗ ತೊಂದರೆ ಬೇರೆ. ಮೈಗೆ ಆಮ್ಲಜನಕ ಹೆಚ್ಚು ಬೇಕು, ನೀರಿನಲ್ಲಿರುವುದೋ ಕಡಿಮೆ: 10 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ, 30ರಲ್ಲಿ ಏಳೂವರೆ. ಕೆನಡಾದ ವಿಜ್ಞಾನಿ ಬ್ರೆಟ್ 1960ರ ದಶಕದಲ್ಲಿ ಸಾಕ್‌ಐ ಸಾಲ್ಮನ್ ಮೀನುಗಳನ್ನು ಇಂಥದೇ ಸುರಂಗದಲ್ಲಿ ಈಜಿಸಿದರು. ಅವು ಉತ್ತಮವಾಗಿ ಈಜಿದ್ದು 15 ಡಿಗ್ರಿಯ ಆಸುಪಾಸಿನಲ್ಲಿ. ಪ್ರತಿ ಜಾತಿಗೂ ಹೀಗೆ ಒಂದು ಹದವಿದೆ. ಟ್ಯೂನಾ ಮೈಬಿಸಿ ಉಳಿಸಿಕೊಳ್ಳುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಹೌದು, ಅದಕ್ಕೆ ರಕ್ತನಾಳಗಳ ವಿಶೇಷ ಹೆಣಿಗೆಯಿದೆ. ನೀವು ಸಾಕಿದ ಮೀನಿಗೆ ಇಲ್ಲ.

ಸಮಯ ಮುಗಿಯುತ್ತ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ನೀರು ತಣ್ಣಗಾದರೆ ಮೇವು ಕಡಿಮೆ ಮಾಡಿ. ಕರುಳೂ ನಿಧಾನವಾಗಿರುತ್ತದೆ, ತಿನ್ನದೆ ಬಿಟ್ಟದ್ದು ಕೊಳೆಯುತ್ತದೆ. ಬಿಸಿಯಾದರೆ ಗಾಳಿ ಪಂಪು ಹಾಕಿ, ತಂಪು ಹೊತ್ತಿನಲ್ಲಿ ಮೇವು ಕೊಡಿ. ಹೊಸ ಮೀನು ತಂದರೆ ಚೀಲವನ್ನು ಬಿಚ್ಚದೆ 15–20 ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಬಿಡಿ. ಆಮೇಲೂ ಥರ್ಮಾಮೀಟರನ್ನು ಮೊದಲು ಚೀಲಕ್ಕೆ, ನಂತರ ತೊಟ್ಟಿಗೆ ಅದ್ದಿ ನೋಡಿ. ಎರಡೂ ಒಂದಾದ ಮೇಲೆ ಮೀನನ್ನು ಬಿಡಿ. ನಮಸ್ಕಾರ.