10 ಅಡಿ ರೂಮು, 40 ವ್ಯಾಟ್ ಆಂಪ್: ಇದಕ್ಕೆ ಯಾವ ಸ್ಪೀಕರ್?

ಈಗ ಸ್ಕ್ರೀನ್ ಮೇಲೆ ಕಾಣ್ತಿರೋದು ಬೆಂಗಳೂರಿನ ಎಷ್ಟೋ ಫ್ಲ್ಯಾಟ್‌ಗಳಲ್ಲಿ ಇರೋ ಅಂಥದ್ದೇ ರೂಮು. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದಲ್ಲಿ ಸ್ಲ್ಯಾಬ್. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಗೋಡೆಗೆ ಪುಟ್ಟಿ ಮೇಲೆ ಎಮಲ್ಷನ್, ಒಂದು ಕಡೆ ಗಾಜಿನ ಸ್ಲೈಡಿಂಗ್ ಕಿಟಕಿ. ಟೇಬಲ್ ಮೇಲೊಂದು ಇಂಟಿಗ್ರೇಟೆಡ್ ಆಂಪ್ಲಿಫೈಯರ್: 8 ಓಮ್‌ಗೆ, ಚಾನೆಲ್‌ಗೆ 40 ವ್ಯಾಟ್. ಇದಕ್ಕೆ ಹೊಂದೋ ಸ್ಪೀಕರ್ ಬೇಕು.

ಅಂಗಡಿಗೆ ಹೋದ ತಕ್ಷಣ ಕೇಳೋದು, ಎಷ್ಟು ವ್ಯಾಟಿಂದು ಬೇಕು ಸಾರ್ ಅಂತ. ಆ ಪ್ರಶ್ನೇನ ಸ್ವಲ್ಪ ಪಕ್ಕಕ್ಕಿಡಿ. ಈ ಅಳತೆಯ ರೂಮಲ್ಲಿ ವ್ಯಾಟ್ ಸಾಲದೆ ಹೋಗೋದು ಅಪರೂಪ. ಬಾಸ್ ಜಾಸ್ತಿಯಾಗಿ ಹಾಡು ಹಾಳಾಗೋದೇ ಹೆಚ್ಚು. ಹಾಗಾಗಿ ಮೊದಲು ಟೇಪ್ ಹಿಡಿದು ರೂಮು ಅಳೀರಿ, ಆಮೇಲೆ ಸ್ಪೀಕರ್ ಡಬ್ಬದ ಸೈಜು, ಅದಾದಮೇಲೆ ಆಂಪ್ ವಿಷಯ.

ಲೆಕ್ಕಕ್ಕೆ ಫೋನಿನ ಕ್ಯಾಲ್ಕುಲೇಟರ್ ಸಾಕು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಎದುರುಬದುರು ಗೋಡೆಗಳ ನಡುವಿನ ದೂರವನ್ನ ಎರಡರಿಂದ ಗುಣಿಸಿ, ಬಂದದ್ದರಿಂದ 343ನ್ನ ಭಾಗಿಸಿ. 12 ಅಡಿ ಅಂದ್ರೆ 3.66 ಮೀಟರ್, ಉತ್ತರ 47 ಹರ್ಟ್ಸ್. 10 ಅಡಿ ಅಂದ್ರೆ 3.05 ಮೀಟರ್, ಉತ್ತರ 56 ಹರ್ಟ್ಸ್. ಹಾಡಲ್ಲಿ ಆ ಸ್ವರ ಬಂದಾಗಲೆಲ್ಲ ರೂಮೂ ಜೊತೆಗೆ ದನಿಗೂಡಿಸುತ್ತೆ. ಸ್ಪೀಕರ್ ಸುಮ್ಮನಾದ ಮೇಲೂ ಗುಂಯ್ ಅಂತ ಒಂದಷ್ಟು ಹೊತ್ತು ಉಳಿಯುತ್ತೆ. ಈ ರೂಮಿನ ದೊಡ್ಡ ತಲೆನೋವು ಅಂದ್ರೆ ಅಗಲವೂ 10, ಎತ್ತರವೂ 10. ಅದೇ 56 ಎರಡು ಸಲ, ಒಂದರ ಮೇಲೊಂದು. ಉದ್ದ ಎತ್ತರ ಎರಡೂ ಸೇರಿ ಹುಟ್ಟಿಸೋ ಇನ್ನೊಂದು ಉಬ್ಬು 73 ಹರ್ಟ್ಸ್‌ನಲ್ಲಿ. ಹಾರ್ಮೋನಿಯಂನ ಬಿಳಿ ಎರಡರ ಶ್ರುತಿಗೆ ಹಾಡೋ ಗಂಡಸರ ಮಂದ್ರ ಷಡ್ಜವೂ ಸರಿಸುಮಾರು ಅದೇ 73. ಕಚೇರಿ ರೆಕಾರ್ಡಿಂಗ್ ಹಾಕಿದಾಗ ಒಂದೇ ಒಂದು ಸ್ವರ ಮಾತ್ರ ಊದಿಕೊಂಡು ಕೇಳಿಸಿದ್ರೆ ಗಾಯಕರನ್ನೂ ಬೈಬೇಡಿ, ಸ್ಪೀಕರನ್ನೂ ಬೈಬೇಡಿ.

ಇದಕ್ಕೆ ಅರ್ಧ ಮದ್ದು ಕೂರೋ ಜಾಗದಲ್ಲೇ ಇದೆ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. 10 ಅಡಿ ಗೋಡೆ ಮುಂದೆ ಸ್ಪೀಕರ್ ಇಟ್ಟು, ಉದ್ದಕ್ಕೆ ಮುಖ ಮಾಡಿಸಿ. ನೀವು ಅಗಲದ ಸರಿಯಾಗಿ ಮಧ್ಯ ಕೂತ್ರೆ ಅಗಲದಿಂದ ಹುಟ್ಟೋ 56 ನಿಮ್ಮ ಕಿವಿಗೆ ಹೆಚ್ಚುಕಡಿಮೆ ಬೀಳೋದೇ ಇಲ್ಲ, ಯಾಕಂದ್ರೆ ಅದರ ಶೂನ್ಯದ ಜಾಗ ಅದೇ. ಎತ್ತರದ್ದೊಂದು ಉಳಿಯುತ್ತೆ, ಅದನ್ನ ಆಮೇಲೆ ನೋಡೋಣ. ಆದ್ರೆ ಉದ್ದದ ಮಧ್ಯ ಮಾತ್ರ ಕೂರಬೇಡಿ, ಅಲ್ಲಿ 47 ಪೂರ್ತಿ ಮಾಯ. ಹಿಂದಿನ ಗೋಡೆಗೆ ತಲೆ ಆನಿಸಿಯೂ ಕೂರಬೇಡಿ, ಅಲ್ಲಿ ಉದ್ದದ ಉಬ್ಬುಗಳೆಲ್ಲ ಪೂರ್ತಿ ಜೋರು. ಬೆನ್ನ ಹಿಂದೆ 1.4 ಮೀಟರ್ ಬಿಟ್ಟು ಶುರು ಮಾಡಿ. ಮಂಚ ಇರೋ ರೂಮಲ್ಲಿ ಇದು ಕಷ್ಟ, ಗೊತ್ತು. ಅರ್ಧ ಮೀಟರ್ ಬಿಟ್ರೂ ವ್ಯತ್ಯಾಸ ಕೇಳಿಸುತ್ತೆ.

ಸ್ಪೀಕರಿನ ಮುಂಭಾಗ ಅದರ ಬೆನ್ನ ಹಿಂದಿರೋ ಗೋಡೆಯಿಂದ 70 ಸೆಂಟಿಮೀಟರ್, ಪಕ್ಕದ ಗೋಡೆಯಿಂದ ವೂಫರ್ (ಬಾಸ್ ನುಡಿಸೋ ದೊಡ್ಡ ಕೋನ್) ಮಧ್ಯಕ್ಕೆ 55. ಆಗ ಎರಡು ಸ್ಪೀಕರ್ ನಡುವೆ 1.95 ಮೀಟರ್, ಅಲ್ಲಿಂದ ನಿಮ್ಮ ಕಿವಿಗೆ ಸುಮಾರು 1.85; ತ್ರಿಕೋನ ಸರಿಹೋಯ್ತು. 70, 55 ಅಂತ ಬೇರೆ ಬೇರೆ ಯಾಕೆ? ಗೋಡೆಗೆ ಬಡಿದು ವಾಪಸ್ ಬರೋ ಅಲೆ ಒಂದು ಸ್ವರವನ್ನ ಕಿತ್ತುಹಾಕುತ್ತೆ. 70 ಸೆಂಟಿಮೀಟರ್‌ಗೆ ಅದು 122 ಹರ್ಟ್ಸ್ ಹತ್ರ, 55ಕ್ಕೆ 156ರ ಹತ್ರ. ಎರಡೂ ದೂರ ಒಂದೇ ಇಟ್ರೆ ಎರಡು ಚಿಕ್ಕ ತಗ್ಗು ಸೇರಿ ಒಂದು ದೊಡ್ಡ ಗುಂಡಿಯಾಗುತ್ತೆ, ಗಂಡು ದನಿ ಸೊರಗಿ ಕೇಳಿಸುತ್ತೆ. ಟ್ವೀಟರ್, ಅಂದ್ರೆ ಮೇಲಿನ ಸ್ವರಗಳನ್ನ ನುಡಿಸೋ ಚಿಕ್ಕದು, ಕಿವಿಯ ಮಟ್ಟಕ್ಕಿರಲಿ. ಕುರ್ಚಿಯಲ್ಲಿ ಕೂತ್ರೆ ಅದು 90ರಿಂದ 100 ಸೆಂಟಿಮೀಟರ್, ಅಂದ್ರೆ ಬುಕ್‌ಶೆಲ್ಫ್ ಸ್ಪೀಕರ್‌ಗೆ ಎರಡಡಿ ಸ್ಟ್ಯಾಂಡ್. ಬುಕ್‌ಶೆಲ್ಫ್ ಅಂತ ಹೆಸರಿದೆ ಅಂತ ಕಪಾಟಿನೊಳಗೆ ತುರುಕಬೇಡಿ.

ಇನ್ನು ಡಬ್ಬ. ಎರಡೆರಡು ಆರೂವರೆ ಇಂಚಿನ ವೂಫರ್ ಇರೋ, 35 ಹರ್ಟ್ಸ್ ತನಕ ಇಳಿಯೋ ಫ್ಲೋರ್‌ಸ್ಟ್ಯಾಂಡರ್ (ನೆಲದ ಮೇಲೆ ನಿಲ್ಲೋ ಎತ್ತರದ ಸ್ಪೀಕರ್) ಶೋರೂಮ್‌ನ ದೊಡ್ಡ ಹಾಲಲ್ಲಿ ಅದ್ಭುತವಾಗಿ ಕೇಳಿಸುತ್ತೆ. ಅದನ್ನೇ ಈ ರೂಮಿಗೆ ತಂದ್ರೆ 47, 56, 73 ಮೂರನ್ನೂ ಅದು ಪೂರ್ತಿ ಬಲದಿಂದ ಎಬ್ಬಿಸುತ್ತೆ. ಇಲ್ಲಿಗೆ 5ರಿಂದ ಆರೂವರೆ ಇಂಚಿನ ಒಂದು ವೂಫರ್, 50-60 ಹರ್ಟ್ಸ್ ಹತ್ರ ಬಾಸ್ ಕಮ್ಮಿಯಾಗೋಕೆ ಶುರುವಾಗೋ ಚಿಕ್ಕ ಡಬ್ಬ ಸಾಕು. ಅದಕ್ಕಿಂತ ಕೆಳಗೆ ಬೇಕಾದ ಒಂದಿಷ್ಟನ್ನ ರೂಮೇ ತುಂಬಿಕೊಡುತ್ತೆ.

ಪೋರ್ಟ್ (ಗಾಳಿ ಆಡೋ ತೂತು) ಇಲ್ಲದ ಸೀಲ್ಡ್ ಡಬ್ಬದಲ್ಲಿ ಬಾಸ್ ಆಕ್ಟೇವ್‌ಗೆ, ಅಂದ್ರೆ ಒಂದು ಸ್ಥಾಯಿಗೆ, 12 ಡೆಸಿಬೆಲ್‌ನಂತೆ ನಿಧಾನವಾಗಿ ಇಳಿಯುತ್ತೆ, ಪೋರ್ಟ್ ಇರೋದರಲ್ಲಿ 24ರಂತೆ ದಿಢೀರ್ ಇಳಿಯುತ್ತೆ. ಚಿಕ್ಕ ರೂಮಿಗೆ ಸೀಲ್ಡ್ ಡಬ್ಬವೇ ಒಳ್ಳೆ ಜೋಡಿ ಅನ್ನೋದು ನನ್ನ ಪಕ್ಷಪಾತ. ಬಿಬಿಸಿಯವರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನುಗಳಿಗೆ ಅಂತಲೇ ರೂಪಿಸಿದ ಎಲ್‌ಎಸ್ 3/5ಎ ಇಂಥದ್ದು. ಸುಮಾರು 5 ಲೀಟರ್‌ನ ಸೀಲ್ಡ್ ಡಬ್ಬ, ಕೆಇಎಫ್ ಕಂಪನಿಯ 5 ಇಂಚಿನ ಬಿ110 ವೂಫರ್, ಟಿ27 ಟ್ವೀಟರ್. ವ್ಯಾನಿನ ಒಳಗಿಗಿಂತ ಚಿಕ್ಕ ರೂಮು ನಿಮ್ಮದಲ್ಲ ತಾನೆ? ಇವತ್ತು ಮಾರ್ಕೆಟಲ್ಲಿ ಸಿಗೋ ಹೆಚ್ಚಿನವು ಪೋರ್ಟ್ ಇರೋವೇ, ಅದೂ ಹಿಂದುಗಡೆ. ತೊಂದರೆಯಿಲ್ಲ, ಪೋರ್ಟ್‌ಗೂ ಗೋಡೆಗೂ ನಡುವೆ ಒಂದು ಗೇಣಿಗಿಂತ ಹೆಚ್ಚು ಜಾಗ ಬಿಡಿ. ಆದ್ರೂ ಗುಂಯ್ ಅಂದ್ರೆ ಪೋರ್ಟ್‌ಗೆ ಸ್ಪಾಂಜ್ ತುರುಕಿ. ಕೆಲವು ಕಂಪನಿಗಳು ಬಾಕ್ಸಲ್ಲೇ ಸ್ಪಾಂಜ್ ಬಿರಡೆ ಕೊಡ್ತವೆ. ಇಲ್ಲದಿದ್ರೆ ಉಂಡೆ ಕಟ್ಟಿದ ಕಾಲುಚೀಲವೂ ಅದೇ ಕೆಲಸ ಮಾಡುತ್ತೆ.

ಈಗ ಆಂಪ್. ಸ್ಪೀಕರ್ ಹಿಂದೆ ಬರೆದಿರೋ 100 ವ್ಯಾಟ್ ಅದು ತಡ್ಕೊಳ್ಳೋ ಮಿತಿ, ಬೇಡೋದಲ್ಲ. ನೋಡಬೇಕಾದ್ದು ಎರಡೇ ಅಂಕಿ: ಸೆನ್ಸಿಟಿವಿಟಿ ಮತ್ತು ಕನಿಷ್ಠ ಇಂಪೀಡೆನ್ಸ್ (ಕರೆಂಟ್‌ಗೆ ಸ್ಪೀಕರ್ ಒಡ್ಡೋ ತಡೆ, ಓಮ್ ಲೆಕ್ಕದಲ್ಲಿ).

ಸೆನ್ಸಿಟಿವಿಟಿ 85 ಡಿಬಿ (ಡೆಸಿಬೆಲ್) ಅಂದ್ರೆ 2.83 ವೋಲ್ಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ 85 ಡಿಬಿ ಶಬ್ದ. 8 ಓಮ್ ಸ್ಪೀಕರ್‌ಗೆ 2.83 ವೋಲ್ಟ್ ಅಂದ್ರೆ 1 ವ್ಯಾಟ್. 4 ಓಮ್ ಸ್ಪೀಕರ್‌ಗೆ ಅದೇ ವೋಲ್ಟೇಜ್ 2 ವ್ಯಾಟ್ ಆಗುತ್ತೆ. ಹಾಗಾಗಿ 4 ಓಮ್‌ನ 88ಕ್ಕೂ 8 ಓಮ್‌ನ 85ಕ್ಕೂ ವ್ಯಾಟ್ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ನಮ್ಮ ರೂಮಿಗೆ ಬನ್ನಿ. 1.85 ಮೀಟರ್ ದೂರಕ್ಕೆ 5 ಡಿಬಿ ಚಿಲ್ಲರೆ ಕಳೀರಿ. ಸ್ಪೀಕರ್ ಎರಡಿರೋದಕ್ಕೆ 3 ಸೇರಿಸಿ, ಗೋಡೆ ನೆಲದಿಂದ ತಿರುಗಿ ಬರೋದಕ್ಕೆ ಇನ್ನೊಂದೆರಡು. ಹೆಚ್ಚುಕಡಿಮೆ 85ಕ್ಕೇ ಬಂದು ನಿಂತ್ವಿ. ಆರಾಮಾಗಿ ಕೇಳೋ ಸರಾಸರಿ ಮಟ್ಟ 75 ಡಿಬಿ ಅಂದ್ಕೊಂಡ್ರೆ ಆಂಪ್ ಕೊಡ್ತಿರೋದು ಚಾನೆಲ್‌ಗೆ 0.1 ವ್ಯಾಟ್! ತನಿಯಾವರ್ತನದಲ್ಲಿ ಮೃದಂಗದ ಒಂದು ಪೆಟ್ಟು ಸರಾಸರಿಗಿಂತ 20 ಡಿಬಿ ಮೇಲೆ ಹಾರಿದ್ರೆ 10 ವ್ಯಾಟ್. 40 ವ್ಯಾಟ್ ಇದ್ರೆ 101 ಡಿಬಿ ತನಕ ದಾರಿ ಇದೆ. ಕೆಳಗಿನ ಮನೆಯವರು ಅದಕ್ಕಿಂತ ಮುಂಚೆಯೇ ಬೆಲ್ ಒತ್ತುತ್ತಾರೆ.

ಎಚ್ಚರ ಬೇಕಾಗಿರೋದು ಎರಡನೇ ಅಂಕಿಗೆ. 8 ಓಮ್ ಅಂತ ಬರೆದಿದ್ರೂ ಸ್ಪೀಕರಿನ ಇಂಪೀಡೆನ್ಸ್ ಎಲ್ಲ ಸ್ವರಕ್ಕೂ 8 ಇರಲ್ಲ, ಏರಿಳಿಯುತ್ತೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಬರೆದದ್ದರ 80 ಪರ್ಸೆಂಟ್‌ಗಿಂತ, ಅಂದ್ರೆ 6.4 ಓಮ್‌ಗಿಂತ, ಕೆಳಗೆ ಇಳಿಯಬಾರದು. ಪಾಲಿಸೋರು ಕಮ್ಮಿ. ಕೆಇಎಫ್‌ನ ಎಲ್‌ಎಸ್50 ಮೆಟಾ ನೋಡಿ: 85 ಡಿಬಿ, ನಾಮಿನಲ್ 8 ಓಮ್, ಕನಿಷ್ಠ 3.5. ಆ ಸಂಖ್ಯೆಯನ್ನ ಕಂಪನಿಯವರೇ ಬರೆದಿದ್ದಾರೆ, ಅದು ಪ್ರಾಮಾಣಿಕತೆ. ಸ್ಪೀಕರ್ ಚೆನ್ನಾಗೇ ಇದೆ, ಆದ್ರೆ ಆ ತಗ್ಗಿನ ಜಾಗದಲ್ಲಿ ಆಂಪ್ ಎರಡು ಪಟ್ಟಿಗಿಂತ ಹೆಚ್ಚು ಕರೆಂಟ್ ಕೊಡಬೇಕು. ಕೊಡೋಕಾಗದ ಆಂಪ್ ಕೈಸುಡೋಷ್ಟು ಬಿಸಿಯಾಗುತ್ತೆ, ಇಲ್ಲ ಜೋರಾದ ಕಡೆ ರಿಲೇ ಟಕ್ ಅಂದು ಆಫ್ ಆಗುತ್ತೆ.

ನಿಮ್ಮ ಆಂಪ್ ಕೊಡುತ್ತಾ ಅಂತ ತಿಳಿಯೋಕೆ ಮ್ಯಾನುಯಲ್‌ನಲ್ಲಿ 4 ಓಮ್ ವ್ಯಾಟ್ ಹುಡುಕಿ. 8ಕ್ಕೆ 40, 4ಕ್ಕೆ 60-70 ಅಂತಿದ್ರೆ ಧೈರ್ಯವಾಗಿ ತಗೊಳ್ಳಿ. 4 ಓಮ್‌ನ ಸುದ್ದಿಯೇ ಇಲ್ಲ, ಕನಿಷ್ಠ 6 ಓಮ್ ಸ್ಪೀಕರ್ ಬಳಸಿ ಅಂತ ಬರೆದಿದೆ ಅಂದ್ರೆ, 87-88 ಡಿಬಿಯ, 5 ಓಮ್‌ಗಿಂತ ಕೆಳಗಿಳಿಯದ ಸ್ಪೀಕರ್ ಹುಡುಕಿ. 3 ಡಿಬಿ ಹೆಚ್ಚಿದ್ರೆ ಅಷ್ಟೇ ಶಬ್ದಕ್ಕೆ ಅರ್ಧ ವ್ಯಾಟ್ ಸಾಕು. ಆಂಪ್ ಮೇಲಿನ ಎ ಪ್ಲಸ್ ಬಿ ಬಟನ್ ಒತ್ತಿ ಎರಡು ಜೊತೆ 4 ಓಮ್ ಸ್ಪೀಕರ್ ಓಡಿಸೋದಂತೂ ಬೇಡವೇ ಬೇಡ, ಅದು 2 ಓಮ್ ಆಗುತ್ತೆ.

ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸಿಗೋ ಚಿಕ್ಕ ಕ್ಲಾಸ್ ಡಿ ಆಂಪ್ ಬೋರ್ಡ್‌ಗಳ ಬಗ್ಗೆ ಒಂದು ಮಾತು. ಟಿಪಿಎ3116 ಚಿಪ್ ಇರೋ ಬೋರ್ಡ್‌ಗೆ 50+50 ವ್ಯಾಟ್ ಅಂತ ಹೇಳ್ತಾರೆ. ಅದು 4 ಓಮ್‌ಗೆ, 21 ವೋಲ್ಟ್ ಸಪ್ಲೈಗೆ, ಅದೂ ಹಾಡು ಒಡೆಯೋ ಮಟ್ಟದಲ್ಲಿ. ಮನೇಲಿರೋ 12 ವೋಲ್ಟ್ ಅಡಾಪ್ಟರ್ ಚುಚ್ಚಿದ್ರೆ 8 ಓಮ್‌ಗೆ ಸಿಗೋದು ಹೆಚ್ಚಂದ್ರೆ 9 ವ್ಯಾಟ್. 12ರ ವರ್ಗ 144, ಭಾಗಿಸು 16, ಅಷ್ಟೇ ಲೆಕ್ಕ. ಅದೇ ಬೋರ್ಡ್‌ಗೆ 24 ವೋಲ್ಟ್, 5 ಆಂಪಿಯರ್ ಸಪ್ಲೈ ಹಾಕಿದ್ರೆ 8 ಓಮ್‌ಗೆ ಸುಮಾರು 30 ವ್ಯಾಟ್, ಈ ರೂಮಿಗೆ ಭರ್ಜರಿ ಸಾಕು. ವಾಲ್ವ್ (ಗಾಜಿನ ಟ್ಯೂಬ್) ಆಂಪ್ ಇದ್ದೋರಿಗೆ ಬೇರೆ ಚಿಂತೆ: ಅದರ ಔಟ್‌ಪುಟ್ ಇಂಪೀಡೆನ್ಸ್ ಜಾಸ್ತಿ, ಹಾಗಾಗಿ ಸ್ಪೀಕರಿನ ಓಮ್ ಏರಿಳಿದ ಹಾಗೆ ಶಬ್ದವೂ ಏರಿಳಿಯುತ್ತೆ. ಅವರಿಗೆ ಇಂಪೀಡೆನ್ಸ್ ಗೆರೆ ಸಮತಟ್ಟಾಗಿರೋ ಸ್ಪೀಕರ್ ಬೇಕು.

ವೈರ್‌ಗೆ ದುಡ್ಡು ಸುರಿಯಬೇಡಿ. 2.5 ಚದರ ಮಿಲಿಮೀಟರ್ ತಾಮ್ರದ ಮಲ್ಟಿಸ್ಟ್ರ್ಯಾಂಡ್ ವೈರ್, 3 ಮೀಟರ್ ಉದ್ದಕ್ಕೆ ಹೋಗಿ ಬರೋ ರೆಸಿಸ್ಟೆನ್ಸ್ ಬರೀ 0.04 ಓಮ್. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರ್‌ಗೆ ಅದಲುಬದಲಾದ್ರೆ ಬಾಸ್ ಮಾಯವಾಗಿ, ನಡುವೆ ನಿಲ್ಲಬೇಕಾದ ದನಿ ರೂಮೆಲ್ಲ ಚದುರುತ್ತೆ. ಹಿಂದೆ ನಾಲ್ಕು ಟರ್ಮಿನಲ್ ಇದ್ರೆ ಜೋಡಿಸಿರೋ ಲೋಹದ ಪಟ್ಟಿ ತೆಗೀಬೇಡಿ. ಟ್ವೀಟರ್ ಕೆಟ್ಟಿದೆ ಅಂತ ವಾಪಸ್ ಬರೋ ಸ್ಪೀಕರ್‌ಗಳಲ್ಲಿ ಆ ಪಟ್ಟಿ ಕಳಚಿರೋವೂ ಇರ್ತವೆ.

ರೂಮಿನ ಮಧ್ಯ ನಿಂತು ಒಂದು ಚಪ್ಪಾಳೆ ತಟ್ಟಿ. ಟಿರ್ರ್ ಅಂತ ಬಾಲ ಎಳೆದ್ರೆ ಯಾವ ಸ್ಪೀಕರ್ ತಂದ್ರೂ ಕಿವಿ ಚುಚ್ಚುತ್ತೆ. ನಿಮಗೂ ಸ್ಪೀಕರ್‌ಗೂ ನಡುವೆ ದಪ್ಪ ಜಮಖಾನ ಅಥವಾ ಕಾರ್ಪೆಟ್, ಕಿಟಕಿಗೆ ನೆರಿಗೆ ಹೆಚ್ಚಿರೋ ಭಾರದ ಪರದೆ, ಹಿಂದುಗಡೆ ಪುಸ್ತಕದ ಕಪಾಟು. ಮೊಟ್ಟೆ ಟ್ರೇ ಅಂಟಿಸಬೇಡಿ, ಬಾಸ್ ಮೇಲೆ ಅದು ಏನೂ ಮಾಡಲ್ಲ.

ಆಯ್ಕೆ ಎರಡಕ್ಕೆ ಇಳಿದ ಮೇಲೆ, ಸಾಧ್ಯವಾದ್ರೆ ಮನೆಗೇ ತರಿಸಿ ಕೇಳಿ. ಕೇಳುವಾಗ ಎರಡೂ ಒಂದೇ ಮಟ್ಟಕ್ಕಿರಲಿ. 1 ಡಿಬಿ ಜೋರಿದ್ರೂ ಅದೇ ಚೆನ್ನಾಗಿದೆ ಅನಿಸುತ್ತೆ, ಮಾರೋರಿಗೆ ಇದು ಚೆನ್ನಾಗಿ ಗೊತ್ತು. ಫೋನಿನ ಸೌಂಡ್ ಮೀಟರ್ ಆ್ಯಪ್ ಹಿಡಿದು ಹೋಲಿಸಿ. ಆಮೇಲೆ 40ರಿಂದ 200 ಹರ್ಟ್ಸ್ ತನಕ ಒಂದೊಂದೇ ಟೋನ್ ಹಾಕಿ, ಎಲ್ಲಿ ಉಬ್ಬುತ್ತೆ, ಎಲ್ಲಿ ಬೀಳುತ್ತೆ ಬರ್ಕೊಳ್ಳಿ.

ಎತ್ತರದಿಂದ ಬರೋ 56 ಉಳಿದಿತ್ತಲ್ಲ, ಅದಕ್ಕೆ ಈಕ್ವಲೈಸರ್, ಅಂದ್ರೆ ಬೇಕಾದ ಸ್ವರವನ್ನಷ್ಟೇ ಏರಿಸಿ ಇಳಿಸೋ ಸಾಧನ. ಕಂಪ್ಯೂಟರಲ್ಲಿ ರೂಮ್ ಈಕ್ಯೂ ವಿಝರ್ಡ್ ಅನ್ನೋ ಉಚಿತ ಸಾಫ್ಟ್‌ವೇರ್, ಜೊತೆಗೊಂದು ಕ್ಯಾಲಿಬ್ರೇಟೆಡ್ ಯುಎಸ್‌ಬಿ ಮೈಕ್ ಇದ್ರೆ ಎಷ್ಟು ಉಬ್ಬಿದೆ ಅಂತ ನಿಖರವಾಗಿ ಸಿಗುತ್ತೆ. 6 ಡಿಬಿ ಉಬ್ಬಿದ್ರೆ 56ರಲ್ಲಿ 5-6 ಡಿಬಿ ಕಮ್ಮಿ ಮಾಡಿ, ಕಮ್ಮಿ ಮಾಡೋ ಹರ್ಟ್ಸ್ ವ್ಯಾಪ್ತಿ ಕಿರಿದಾಗಿರಲಿ. ಉಬ್ಬು ಇಳಿಸಿ, ತಗ್ಗು ತುಂಬಬೇಡಿ. 122ರ ತಗ್ಗಿಗೆ 6 ಡಿಬಿ ಏರಿಸಿದ್ರೆ ಅಲ್ಲಿ ಆಂಪ್ ನಾಲ್ಕು ಪಟ್ಟು ವ್ಯಾಟ್ ಕೊಡುತ್ತೆ, ಗೋಡೆಯಿಂದ ತಿರುಗಿ ಬರೋ ಅಲೆಯೂ ಅಷ್ಟೇ ಬಲವಾಗಿ ಬಂದು ಅದನ್ನ ಮತ್ತೆ ಅಳಿಸುತ್ತೆ. ಆ ತಗ್ಗಿಗೆ ಸ್ಪೀಕರನ್ನೇ 10 ಸೆಂಟಿಮೀಟರ್ ಸರಿಸಿ, ಟೋನ್ ಮತ್ತೆ ಹಾಕಿ ನೋಡಿ.