ನಿಂತಾಗ ಕುದಿಯುವ ಕಾರು

ಕೇಳುಗರಿಗೆಲ್ಲ ನಮಸ್ಕಾರ.

ಆಗಸ್ಟ್ ತಿಂಗಳ ಮೂರನೇ ಶನಿವಾರ. ಅಮೆರಿಕದ ಡೆಟ್ರಾಯಿಟ್ ನಗರದಿಂದ ಪಾಂಟಿಯಾಕ್ ಊರಿಗೆ ಹೋಗುವ ವುಡ್‌ವರ್ಡ್ ರಸ್ತೆ. 1995ರಿಂದ ಹೆಚ್ಚುಕಡಿಮೆ ಪ್ರತಿ ವರ್ಷ ಆ ದಿನ ಅಲ್ಲಿ ಹಳೇ ಕಾರುಗಳ ಮೆರವಣಿಗೆ ನಡೆಯುತ್ತದೆ. ತೇರಿನ ದಿನ ನಮ್ಮ ರಥಬೀದಿ ಹೇಗಿರುತ್ತದೋ ಹಾಗೇ ಇರುತ್ತದೆ ಆ ರಸ್ತೆ. ಎರಡೂ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತ ಜನ. ಮಧ್ಯದಲ್ಲಿ ಸಾವಿರಾರು ಕಾರು. ಅವು ಹೋಗುವುದೂ ತೇರಿನಷ್ಟೇ ನಿಧಾನ. ಎರಡು ಮಾರು ಮುಂದೆ, ಆಮೇಲೆ ಐದು ನಿಮಿಷ ನಿಂತಲ್ಲೇ.

ಆ ಸಾಲಿನಲ್ಲಿ ನನ್ನದೂ ಒಂದು ಕಾರು ಇತ್ತು. 1967ರ ಪಾಂಟಿಯಾಕ್ ಜಿಟಿಒ. ಆ ರಸ್ತೆಯ ಕೊನೆಯ ಊರಿನ ಹೆಸರನ್ನೇ ಹೊತ್ತ ಕಾರು. ಪಕ್ಕದಲ್ಲಿ ನನ್ನ ಹೆಂಡತಿ ಕೂತಿದ್ದಳು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ಮುಳ್ಳು 110 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ರೇಡಿಯೇಟರಿನ ಹಸಿರು ನೀರು ರಸ್ತೆಗೆ ಸುರಿಯಿತು. ಅಷ್ಟು ಜನರ ಎದುರು ಕಾರನ್ನು ಬದಿಗೆ ತಳ್ಳಿದೆವು. ಅವತ್ತು ನನಗೆ ನಿಜಕ್ಕೂ ತುಂಬ ಬೇಜಾರಾಯಿತು.

ಈ ಕಾರಿನ ಬಗ್ಗೆ ಎರಡು ಮಾತು ಹೇಳಬೇಕು. 1964ರ ಮಾಡೆಲ್‌ಗೆ ಅಂತ ಪಾಂಟಿಯಾಕ್ ಕಂಪನಿಯ ಎಂಜಿನಿಯರುಗಳು ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಇಂಜಿನ್ ಕೂರಿಸಿದರು. ಅದೇ ಜಿಟಿಒ. ಮಸಲ್ ಕಾರುಗಳ ಕಾಲ ಶುರುವಾದದ್ದು ಅದರಿಂದ ಅಂತ ಬಹಳ ಜನ ಹೇಳುತ್ತಾರೆ. ನನ್ನ ಕಾರಿನ ಇಂಜಿನ್ 6.6 ಲೀಟರಿನದು. ನಮ್ಮ ಮಾರುತಿ 800ರ ಎಂಟು ಇಂಜಿನ್ ಒಟ್ಟು ಸೇರಿಸಿದಷ್ಟು. ಶಕ್ತಿ 335 ಕುದುರೆಯದ್ದು. ಆದರೆ ಪೆಟ್ರೋಲಿನಲ್ಲಿರುವ ಶಾಖದಲ್ಲಿ ಹೆಚ್ಚೆಂದರೆ ಮೂರರಲ್ಲೊಂದು ಪಾಲು ಮಾತ್ರ ಓಡಿಸುವ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಉಳಿದದ್ದನ್ನು ರೇಡಿಯೇಟರಿನ ನೀರು ಹೊತ್ತು ಗಾಳಿಗೆ ಬಿಡಬೇಕು. ಇಂಜಿನ್ ದೊಡ್ಡದಾದಷ್ಟೂ ಆ ಹೊರೆ ದೊಡ್ಡದು.

ಮನೆಗೆ ತಂದ ಮೇಲೆ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಹತ್ತಿರದ ಗ್ಯಾರೇಜಿನವರು ರೇಡಿಯೇಟರ್ ಸಣ್ಣದಾಯಿತು ಅಂದರು. ನಾನು ಯೋಚನೆಯನ್ನೂ ಮಾಡದೆ ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್ ತರಿಸಿ ಹಾಕಿದೆ. ಕೈತುಂಬ ದುಡ್ಡು ಖರ್ಚಾಯಿತು. ಮುಂದಿನ ವಾರ ಸಿಗ್ನಲ್ಲುಗಳ ಸಾಲಿನಲ್ಲಿ ಸಿಕ್ಕಿಕೊಂಡಾಗ ಮತ್ತೆ ಅದೇ ಕಥೆ. ಮುಳ್ಳು ಮೇಲೆ, ಮೇಲೆ, ಮೇಲೆ.

ಅವತ್ತು ವಾಪಸ್ ಬರುವಾಗ ಹೆದ್ದಾರಿ ಹಿಡಿದೆ. ಗಂಟೆಗೆ ನೂರು ಕಿಲೋಮೀಟರ್ ದಾಟಿದ್ದೇ ತಡ, ಮುಳ್ಳು 85ಕ್ಕೆ ಇಳಿದು ಅಲ್ಲೇ ಕೂತಿತು. ನನಗೆ ಥಟ್ಟನೆ ಶಿರಾಡಿ ಘಾಟಿ ನೆನಪಾಯಿತು.

ಚಿಕ್ಕವನಿದ್ದಾಗ ಗುಂಡ್ಯದಿಂದ ಸಕಲೇಶಪುರದ ಕಡೆ ಹತ್ತುವಾಗ ದಾರಿಯುದ್ದಕ್ಕೂ ಬಾನೆಟ್ ತೆರೆದು ನಿಂತ ಲಾರಿಗಳನ್ನು ನೋಡುತ್ತಿದ್ದೆ. ಕ್ಲೀನರ್ ಹುಡುಗರು ಡಬ್ಬ ಹಿಡಿದು ಝರಿಯ ನೀರಿಗೆ ಓಡುತ್ತಿದ್ದರು. ನಮ್ಮ ಬಾಡಿಗೆ ಕಾರೂ ಒಂದೆರಡು ಸಲ ನಿಲ್ಲುತ್ತಿತ್ತು. ಡ್ರೈವರಣ್ಣ ಬೀಡಿ ಸೇದಿ ಮುಗಿಸುವವರೆಗೆ ಯಾರೂ ರೇಡಿಯೇಟರ್ ಮುಟ್ಟುವ ಹಾಗಿರಲಿಲ್ಲ. ಆದರೆ ದೋಣಿಗಲ್ ದಾಟಿ ಸಪಾಟು ರಸ್ತೆ ಸಿಕ್ಕಿತೋ, ಅದೇ ಕಾರು ಅದೇ ನೀರಿನಲ್ಲಿ ಹಾಸನದವರೆಗೆ ಆರಾಮಾಗಿ ಓಡುತ್ತಿತ್ತು. ರೇಡಿಯೇಟರ್ ಬದಲಾಗಿರಲಿಲ್ಲ. ಬದಲಾದದ್ದು ಮುಖಕ್ಕೆ ಹೊಡೆಯುವ ಗಾಳಿ. ಘಾಟಿಯಲ್ಲಿ ಭಾರವೂ ಜಾಸ್ತಿ ಇತ್ತು, ಆ ಮಾತು ಬೇರೆ. ಆದರೆ ಗಾಳಿಯ ವಿಷಯ ಎರಡೂ ಕಡೆ ಒಂದೇ.

ಕಾರು ಬಿಸಿಯಾದರೆ ಮೊದಲು ಕೇಳಬೇಕಾದ ಪ್ರಶ್ನೆ, ಅದು ಯಾವಾಗ ಬಿಸಿಯಾಗುತ್ತೆ ಅನ್ನುವುದು. ಹೆದ್ದಾರಿಯಲ್ಲಿ ಜೋರಾಗಿ ಓಡುವಾಗ ಬಿಸಿಯಾದರೆ ಅನುಮಾನ ನೀರಿನ ಕಡೆ ಹೋಗಬೇಕು. ರೇಡಿಯೇಟರಿನ ಕೊಳವೆ ಕಟ್ಟಿರಬಹುದು. ಕೆಳಗಿನ ಹೋಸ್ ಪೈಪ್ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗುತ್ತಿರಬಹುದು. ಹೆದ್ದಾರಿಯಲ್ಲಿ ತಣ್ಣಗಿದ್ದು ನಿಂತಾಗ ಕುದಿದರೆ ಮೊದಲ ಅನುಮಾನ ಗಾಳಿಯ ಮೇಲೆ. ಗಂಟೆಗೆ ಐವತ್ತು ಅರವತ್ತು ಕಿಲೋಮೀಟರ್ ಮೇಲೆ ಹೋದರೆ ಎದುರುಗಾಳಿಯೇ ಸಾಕು, ಫ್ಯಾನ್ ಬೇಕಾಗುವುದಿಲ್ಲ. ಅದಕ್ಕಿಂತ ಕೆಳಗೆ ಫ್ಯಾನ್ ಒಂದೇ ಗತಿ.

ಮರುದಿನ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಟ್ಟೆ. ಹೆಂಡತಿ ಅಡುಗೆಮನೆಯಿಂದ ಒಂದು ಪೇಪರ್ ಟವೆಲ್ ತಂದು ಮುಂಭಾಗದಲ್ಲಿ ರೇಡಿಯೇಟರಿಗೆ ತಾಗಿಸಿ ಬಿಟ್ಟಳು. ಫ್ಯಾನ್ ಸರಿಯಾಗಿ ಎಳೆಯುತ್ತಿದ್ದರೆ ಹಾಳೆ ಅಲ್ಲೇ ಅಂಟಿಕೊಂಡಿರಬೇಕು. ನಮ್ಮದು ನಡುವೆ ಸ್ವಲ್ಪ ಅಲುಗಾಡಿತು. ಮೂಲೆಗಳಲ್ಲಿ ಸೀದಾ ಕೆಳಗೆ ಬಿತ್ತು.

ಇಂಜಿನ್ ಆಫ್ ಮಾಡಿ ಫ್ಯಾನನ್ನು ಕೈಯಲ್ಲಿ ತಿರುಗಿಸಿದೆ. ಬುಗುರಿ ಥರ ತಿರುಗಿತು. ಈ ಫ್ಯಾನಿನ ನಡುವೆ ಒಂದು ಕ್ಲಚ್ ಇರುತ್ತದೆ. ಅದರೊಳಗೆ ದಪ್ಪನೆಯ ಸಿಲಿಕೋನ್ ಎಣ್ಣೆ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದಾಗ ಮುಂದಿರುವ ಸುರುಳಿ ಸ್ಪ್ರಿಂಗ್ ತಿರುಗಿ ಎಣ್ಣೆಗೆ ದಾರಿ ಬಿಡುತ್ತದೆ. ಆಗ ಫ್ಯಾನ್ ಬಿಗಿಯಾಗಿ ಇಂಜಿನ್ ಜೊತೆ ತಿರುಗಬೇಕು. ಬಿಸಿ ಇಂಜಿನ್ ನಿಲ್ಲಿಸಿ ಕೈಯಲ್ಲಿ ತಿರುಗಿಸಿದರೆ ಅದು ಬಿಗಿ ಅನ್ನಿಸಬೇಕು. ಸುತ್ತು ಸುತ್ತು ತಿರುಗಿದರೆ ಕ್ಲಚ್ ಕೆಟ್ಟಿದೆ ಅಂತ ಅರ್ಥ, ಹೆಚ್ಚಾಗಿ ಎಣ್ಣೆ ಸೋರಿಹೋಗಿರುತ್ತದೆ. ನನ್ನದರ ಸುತ್ತ ಕಪ್ಪು ಜಿಡ್ಡು ಹಿಡಿದಿತ್ತು. ಅಷ್ಟು ದಿನ ಅದನ್ನು ಕಣ್ಣಾರೆ ನೋಡಿಯೂ ಗಮನಿಸಿರಲಿಲ್ಲ. ಹೊಸ ಕ್ಲಚ್ ಹಾಕಿದೆ. ಅರ್ಧ ಸಮಸ್ಯೆ ಹೋಯಿತು.

ಇನ್ನರ್ಧ ಮೂಲೆಗಳದ್ದು. ಫ್ಯಾನ್ ದುಂಡಗೆ, ರೇಡಿಯೇಟರ್ ಚೌಕ. ಇವೆರಡರ ನಡುವೆ ಶ್ರೌಡ್ ಅನ್ನುವ ಒಂದು ಗೂಡು ಇರಬೇಕು. ನನ್ನ ಕಾರಿನಲ್ಲಿ ಅದು ಇರಲೇ ಇಲ್ಲ. ಹಿಂದೆ ಯಾರೋ ಇಂಜಿನ್ ಇಳಿಸುವಾಗ ತೆಗೆದವರು ಮತ್ತೆ ಹಾಕಿರಲಿಲ್ಲ. ಹಳೇ ಕಾರುಗಳಲ್ಲಿ ಇದು ತೀರಾ ಮಾಮೂಲು. ಸುಮ್ನೆ ಒಂದು ಪ್ಲಾಸ್ಟಿಕ್ ತುಂಡು, ಅದಿಲ್ಲದಿದ್ದರೆ ಏನಾಯಿತು ಅನ್ನಿಸುತ್ತೆ ಅಲ್ವಾ? ನಮ್ಮ ಅಜ್ಜಿಯ ಊದುಗೊಳವೆ ನೆನಪು ಮಾಡಿಕೊಳ್ಳಿ. ಬರೀ ಬಾಯಲ್ಲಿ ಊದಿದರೆ ಬೂದಿ ಮುಖಕ್ಕೆ ಹಾರುತ್ತದೆ, ಕೆಂಡ ಹಾಗೇ ಇರುತ್ತದೆ. ಅದೇ ಉಸಿರನ್ನು ಕೊಳವೆಯಲ್ಲಿ ಬಿಟ್ಟರೆ ಸೌದೆ ಧಗ್ ಅಂತ ಹೊತ್ತಿಕೊಳ್ಳುತ್ತದೆ. ಉಸಿರು ಜಾಸ್ತಿಯಾಗಲಿಲ್ಲ, ಬೇಕಾದ ಕಡೆ ಹೋಯಿತು ಅಷ್ಟೇ. ಶ್ರೌಡ್ ಮಾಡುವುದೂ ಇದನ್ನೇ. ಊದುವ ಬದಲು ಎಳೆಯುತ್ತದೆ. ಗೂಡಿಲ್ಲದ ಫ್ಯಾನ್ ತನ್ನ ಎದುರಿನ ದುಂಡು ಜಾಗದ ಗಾಳಿಯನ್ನಷ್ಟೇ ಎಳೆಯುತ್ತದೆ. ರೆಕ್ಕೆಯ ತುದಿಯಿಂದ ಇಂಜಿನ್ನಿನ ಬಿಸಿ ಗಾಳಿಯೇ ಸುತ್ತಿ ಮತ್ತೆ ಮುಂದಕ್ಕೆ ಬರುತ್ತದೆ. ನಾನು ದುಡ್ಡು ಸುರಿದು ತಂದ ದೊಡ್ಡ ರೇಡಿಯೇಟರಿನ ನಾಲ್ಕೂ ಮೂಲೆ ಕೆಲಸವಿಲ್ಲದೆ ಕೂತಿದ್ದವು.

ಶ್ರೌಡ್ ಕೂರಿಸುವುದರಲ್ಲೂ ಒಂದು ಲೆಕ್ಕ ಇದೆ. ಫ್ಯಾನಿನ ರೆಕ್ಕೆ ಅರ್ಧ ಗೂಡಿನ ಒಳಗೆ, ಅರ್ಧ ಹೊರಗೆ ಇರಬೇಕು. ಪೂರ್ತಿ ಒಳಗೆ ಹೋದರೆ ಗಾಳಿ ಹೊರಬೀಳಲು ಒದ್ದಾಡುತ್ತದೆ. ಪೂರ್ತಿ ಹೊರಗಿದ್ದರೆ ಗೂಡು ಇದ್ದೂ ಇಲ್ಲದ ಹಾಗೆ. ರೆಕ್ಕೆಯ ತುದಿಗೂ ಗೂಡಿನ ಅಂಚಿಗೂ ಸುಮಾರು ಒಂದು ಇಂಚು ಜಾಗ ಇರಲಿ. ಇಂಜಿನ್ ಅಲುಗಾಡುತ್ತದೆ, ತಾಗಬಾರದು. ರೇಡಿಯೇಟರಿನ ಪಕ್ಕ ಮತ್ತು ಮೇಲಿನ ಸಂದಿಗಳಿಗೆ ಫೋಮ್ ಪಟ್ಟಿ ತುಂಬಿದೆ. ಅಲ್ಲಿ ಸಂದಿ ಬಿಟ್ಟರೆ ಗಾಳಿ ರೇಡಿಯೇಟರಿನೊಳಗೆ ನುಗ್ಗುವ ಕಷ್ಟ ಯಾಕೆ ಅಂತ ಪಕ್ಕದಿಂದ ಜಾರಿಕೊಳ್ಳುತ್ತದೆ.

ಇಷ್ಟೆಲ್ಲ ಆದ ಮೇಲೂ ಸಿಗ್ನಲ್ಲಿನಲ್ಲಿ ಮುಳ್ಳು 100ರ ಹತ್ತಿರ ಹೋಗುತ್ತಿತ್ತು. ಗಾಳಿ ಸರಿಯಾಗಿದೆ, ನೀರೂ ಸರಿಯಿದೆ. ಹಾಗಾದರೆ ಶಾಖವೇ ಜಾಸ್ತಿ ಹುಟ್ಟುತ್ತಿದೆಯಾ? ಇಲ್ಲಿ ನಾನು ಡೆಲ್ಕೋ ಕಡೆ ತಿರುಗಿದೆ. ಸಿಲಿಂಡರುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ನಮ್ಮೂರ ಗ್ಯಾರೇಜುಗಳಲ್ಲಿ ಯಾವ ಕಾರಾದರೂ ಡೆಲ್ಕೋ ಅಂತಲೇ ಹೇಳುವುದು. ಜಿಟಿಒದಲ್ಲಿ ಅದು ನಿಜವಾಗಿಯೂ ಡೆಲ್ಕೋ ರೆಮಿ ಕಂಪನಿಯದೇ. ಮೊದಲ ಸಲ ಅದರ ಮೇಲೆ ಆ ಹೆಸರು ಓದಿದಾಗ ಊರಿನವರೊಬ್ಬರು ಸಿಕ್ಕಷ್ಟು ಖುಷಿಯಾಗಿತ್ತು.

ಡೆಲ್ಕೋ ಪಕ್ಕದಲ್ಲಿ ಒಂದು ಪುಟ್ಟ ಡಬ್ಬಿ ಇರುತ್ತದೆ. ಅದಕ್ಕೆ ಇಂಜಿನ್ನಿನಿಂದ ಒಂದು ರಬ್ಬರ್ ಪೈಪ್ ಬಂದು ವ್ಯಾಕ್ಯೂಮ್, ಅಂದರೆ ಹೀರುವ ಎಳೆತ, ಕೊಡುತ್ತದೆ. ಐಡ್ಲಿಂಗಿನಲ್ಲಿ, ಅಂದರೆ ಕಾರು ನಿಂತು ಇಂಜಿನ್ ಮಾತ್ರ ಓಡುವಾಗ, ಸಿಲಿಂಡರಿನೊಳಗೆ ಪೆಟ್ರೋಲು, ಗಾಳಿ ಎರಡೂ ಕಡಿಮೆ. ಆ ತೆಳು ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಅದಕ್ಕೇ ಕಿಡಿ ಬೇಗ ಬೀಳಬೇಕು. ಡಬ್ಬಿ ಅದನ್ನೇ ಮಾಡುತ್ತದೆ. ಕಿಡಿ ತಡವಾಗಿ ಬಿದ್ದರೆ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆಯುವಾಗಲೂ ಬೆಂಕಿ ಉರಿಯುತ್ತಿರುತ್ತದೆ. ಆ ಶಾಖ ಹೋಗುವ ದಾರಿಯ ಗೋಡೆಗಳ ಸುತ್ತ ಇರುವುದು ನಮ್ಮ ರೇಡಿಯೇಟರಿನ ನೀರೇ. ನನ್ನ ಕಾರಿನಲ್ಲಿ ಯಾರೋ ಆ ಪೈಪ್ ಕಿತ್ತು, ಬಾಯಿಗೆ ಒಂದು ಸ್ಕ್ರೂ ತುರುಕಿದ್ದರು. ರೇಸಿಗೆ ಬಿಡುವವರಿಗೆ ಅದು ನಡೆದೀತು. ರಸ್ತೆಯಲ್ಲಿ ಓಡಿಸುವ ಕಾರಿಗೆ ಅದು ಅನ್ಯಾಯ.

ಕಿಡಿ ತಡವಾದರೆ ಬಿಸಿಯಾಗುತ್ತದೆ ಅನ್ನುವುದು ಕಾರ್ಖಾನೆಯವರಿಗೂ ಗೊತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ 1966ರ ಮಾಡೆಲ್‌ಗಳಿಂದ, ಇಡೀ ಅಮೆರಿಕದಲ್ಲಿ 1968ರ ಮಾಡೆಲ್‌ಗಳಿಂದ ಹೊಗೆ ನಿಯಮ ಬಂತು. ಹೊಗೆ ಶುದ್ಧವಾಗಲಿ ಅಂತ ಐಡ್ಲಿಂಗಿನಲ್ಲಿ ಬೇಕೆಂದೇ ಕಿಡಿ ತಡ ಮಾಡಿದರು. ಜೊತೆಗೆ ಎಷ್ಟೋ ಕಾರುಗಳಲ್ಲಿ ಒಂದು ಸ್ವಿಚ್ಚನ್ನೂ ಇಟ್ಟರು. ನೀರು ಅತಿಯಾಗಿ ಕಾದರೆ ಅದು ಡಬ್ಬಿಗೆ ಪೂರ್ತಿ ವ್ಯಾಕ್ಯೂಮ್ ಕೊಟ್ಟು ಕಿಡಿ ಬೇಗ ಬೀಳುವ ಹಾಗೆ ಮಾಡುತ್ತಿತ್ತು.

ನಾನು ಕಿಡಿ ಬೀಳುವ ಹೊತ್ತು ತೋರಿಸುವ ಟೈಮಿಂಗ್ ಲೈಟ್ ಹಿಡಿದು ಮೂಲ ಟೈಮಿಂಗ್ 10 ಡಿಗ್ರಿಗೆ ಇಟ್ಟೆ. ಈ ಡಿಗ್ರಿ ಶಾಖದ್ದಲ್ಲ, ಇಂಜಿನ್ ತಿರುಗುವ ಕೋನದ್ದು. ಜಾಸ್ತಿಯಾದಷ್ಟೂ ಕಿಡಿ ಬೇಗ. ಹೊಸ ಪೈಪ್ ಹಾಕಿ, ಇಂಜಿನ್ ಗಾಳಿ ಎಳೆದುಕೊಳ್ಳುವ ಮ್ಯಾನಿಫೋಲ್ಡಿನಿಂದಲೇ ಡಬ್ಬಿಗೆ ನೇರ ವ್ಯಾಕ್ಯೂಮ್ ಕೊಟ್ಟೆ. ಐಡ್ಲಿಂಗಿನಲ್ಲಿ ಒಟ್ಟು 24 ಡಿಗ್ರಿ ಬಂತು. ಇಂಜಿನ್ ತಾನಾಗಿಯೇ ಜೋರಾಯಿತು. ಐಡ್ಲಿಂಗಿನ ಸ್ಕ್ರೂ ತಿರುಗಿಸಿ ವೇಗ ಇಳಿಸಬೇಕಾಯಿತು. ನಿಂತಲ್ಲೇ ಅರ್ಧ ಗಂಟೆ ಓಡಿಸಿದೆ. ಮುಳ್ಳು 90 ದಾಟಲಿಲ್ಲ. ಒಂದು ರಬ್ಬರ್ ಪೈಪಿನ ತುಂಡಿಗೆ ಅಷ್ಟು ಶಕ್ತಿ!

ಪಾಂಟಿಯಾಕ್ ಇಂಜಿನ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಇದರ ವಾಟರ್ ಪಂಪಿನ ಹಿಂದೆ ಒಂದು ತಗಡಿನ ತಟ್ಟೆ ಇದೆ. ಪಂಪಿನ ಚಕ್ರಕ್ಕೂ ಆ ತಟ್ಟೆಗೂ ಅಂತರ ಜಾಸ್ತಿಯಿದ್ದರೆ ನಿಧಾನ ತಿರುಗುವಾಗ ನೀರು ಮುಂದೆ ಹೋಗದೆ ಅಲ್ಲೇ ಕಲಕುತ್ತದೆ. ಪಂಪ್ ಬಿಚ್ಚಿದಾಗ ತಟ್ಟೆಯನ್ನು ಮೆಲ್ಲಗೆ ಬಡಿದು ಚಕ್ರಕ್ಕೆ ತಾಗದಷ್ಟು ಹತ್ತಿರ ತನ್ನಿ.

ಥರ್ಮೋಸ್ಟಾಟ್ ವಾಲ್ವ್ ತೆಗೆದುಬಿಡಿ, ಎಲ್ಲ ಸರಿಹೋಗುತ್ತೆ ಅನ್ನುವವರು ಶಿರಾಡಿಯಲ್ಲೂ ಇದ್ದರು, ಡೆಟ್ರಾಯಿಟಿನಲ್ಲೂ ಇದ್ದಾರೆ. ದಯವಿಟ್ಟು ತೆಗೆಯಬೇಡಿ. ಇಂಜಿನ್ ಇದಕ್ಕಿಂತ ತಣ್ಣಗಾಗಬಾರದು ಅಂತ ನೋಡಿಕೊಳ್ಳುವುದು ಆ ವಾಲ್ವಿನ ಕೆಲಸ. ನನ್ನದು 82 ಡಿಗ್ರಿಯದು. ಮುಳ್ಳು 110ಕ್ಕೆ ಹೋದಾಗ ಅದು ಯಾವಾಗಲೋ ಪೂರ್ತಿ ತೆರೆದಿರುತ್ತದೆ. ಇನ್ನೂ ತಣ್ಣನೆಯ ವಾಲ್ವ್ ಹಾಕಿದರೆ ಅದೇ ಜಾಗಕ್ಕೆ ಸ್ವಲ್ಪ ತಡವಾಗಿ ಮುಟ್ಟುತ್ತೀರಿ, ಅಷ್ಟೇ. ಹಾಗೇ, ನೀರು ಬೇಗ ಹರಿದರೆ ತಣ್ಣಗಾಗಲು ಸಮಯ ಸಿಗಲ್ಲ ಅನ್ನುವ ಮಾತೂ ಸರಿಯಲ್ಲ. ನೀರು ಸುತ್ತುತ್ತಲೇ ಇರುತ್ತದೆ. ಬೇಗ ಹೋದರೆ ಬೇಗ ವಾಪಸ್ ಬರುತ್ತದೆ.

ರೇಡಿಯೇಟರ್ ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ನಮ್ಮ ಮನೆಯ ಕುಕ್ಕರ್ ಇದ್ದ ಹಾಗೆ. ಚದರ ಇಂಚಿಗೆ 15 ಪೌಂಡ್ ಒತ್ತಡ ಹಿಡಿದಿಟ್ಟರೆ ಬರೀ ನೀರು ಕುದಿಯುವುದೂ ಸುಮಾರು 121 ಡಿಗ್ರಿಗೆ. ಅರ್ಧ ಕೂಲೆಂಟ್ ಸೇರಿಸಿದರೆ ಇನ್ನೂ ಮೇಲೆ. ನನ್ನ ಹಳೇ ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿತ್ತು. ಅದಕ್ಕೇ ಅವತ್ತು 110ಕ್ಕೇ ಎಲ್ಲ ಉಕ್ಕಿ ಹೊರಬಂದದ್ದು. ಕುಕ್ಕರ್ ಕೂಗುವಾಗ ಯಾರಾದರೂ ಮುಚ್ಚಳ ತೆಗೆಯುತ್ತಾರಾ? ಇದನ್ನೂ ತೆಗೆಯಬೇಡಿ. ಘಾಟಿಯಲ್ಲಿ ಒದ್ದೆ ಗೋಣಿಚೀಲ ಹಾಕಿ ಮುಚ್ಚಳ ತಿರುಗಿಸಿ ಕೈ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಪೂರ್ತಿ ತಣ್ಣಗಾಗಲಿ. ಕಾದ ಇಂಜಿನ್ನಿಗೆ ತಣ್ಣೀರು ಹುಯ್ದರೆ ಕಬ್ಬಿಣ ಬಿರುಕು ಬಿಡಬಹುದು. ಟ್ರಾಫಿಕ್ಕಿನಲ್ಲಿ ಮುಳ್ಳು ಏರತೊಡಗಿದರೆ ಎಸಿ ಆಫ್ ಮಾಡಿ. ನ್ಯೂಟ್ರಲ್‌ಗೆ ಹಾಕಿ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿಯಿರಿ, ಫ್ಯಾನೂ ಪಂಪೂ ಜೋರಾಗುತ್ತವೆ. ಹೀಟರ್ ಪೂರ್ತಿ ಬಿಡಿ. ಬೇಸಿಗೆಯಲ್ಲಿ ಅದು ಹಿಂಸೆ, ಒಪ್ಪುತ್ತೇನೆ. ಆದರೆ ಆ ಹೀಟರೂ ಒಂದು ಪುಟ್ಟ ರೇಡಿಯೇಟರೇ.

ಮುಂದಿನ ಆಗಸ್ಟಿನಲ್ಲಿ ಮತ್ತೆ ವುಡ್‌ವರ್ಡ್ ರಸ್ತೆಗೆ ಹೋದೆವು. ರಾಯಲ್ ಓಕ್ ಊರಿನ ಹತ್ತಿರ ಮುಕ್ಕಾಲು ಗಂಟೆ ಸಾಲು ಅಲುಗಾಡಲಿಲ್ಲ. ನಾನು ರಸ್ತೆ ನೋಡಿದ್ದಕ್ಕಿಂತ ಮುಳ್ಳು ನೋಡಿದ್ದೇ ಜಾಸ್ತಿ. ಅದು 92ಕ್ಕೆ ಹೋಗಿ ನಿಂತಿತು. ಹೆಂಡತಿ ಕಿಟಕಿಯಿಂದ ಕೈ ಹೊರಗಿಟ್ಟು ಜನರಿಗೆ ಕೈಬೀಸುತ್ತಿದ್ದಳು. ನಮಗಿಂತ ಸ್ವಲ್ಪ ಮುಂದೆ ಒಂದು ನೀಲಿ ಕಾರು ಬದಿಗೆ ಸರಿದು ಬಾನೆಟ್ ತೆರೆಯಿತು, ಹಬೆ ಮೇಲೆದ್ದಿತು. ನಾವೂ ಬದಿಗೆ ನಿಲ್ಲಿಸಿದೆವು. ಡಿಕ್ಕಿಯಲ್ಲಿ ಎರಡು ಕ್ಯಾನ್ ನೀರು ಇತ್ತು. ಆ ಕಾರಿನವರು ಆಗಲೇ ಮುಚ್ಚಳಕ್ಕೆ ಬಟ್ಟೆ ಸುತ್ತುತ್ತಿದ್ದರು. ಸ್ವಲ್ಪ ತಡೀರಿ, ತಣ್ಣಗಾಗಲಿ, ಅಲ್ಲಿಯವರೆಗೆ ಇದು ಯಾವಾಗ ಬಿಸಿಯಾಗುತ್ತೆ ಹೇಳಿ ಅಂತ ಕೇಳಿದೆ.

ನಮಸ್ಕಾರ.